ವೆಲ್ಡಿಂಗ್ ಮೇಷ್ಟ್ರನ್ನು ಕೇಳಿ: ಹೆಲ್ಮೆಟ್, ಗ್ಲೌಸ್, ಏಪ್ರನ್

ಮೇಷ್ಟ್ರು, ಪೀಣ್ಯ: ಗ್ರೂಪಿನ ಎಲ್ಲರಿಗೂ ನಮಸ್ಕಾರ. ಭಾನುವಾರದ ಊಟ ಆಯಿತು, ಸಂಜೆಯವರೆಗೆ ಇಲ್ಲೇ ಇರುತ್ತೇನೆ. ಹೆಲ್ಮೆಟ್, ಗ್ಲೌಸ್, ಏಪ್ರನ್, ಮಾಸ್ಕ್ ಇವನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಕೇಳಿ. ಮೆಷಿನ್ ರೇಟು ಕೇಳಬೇಡಿ.

ಲಗ್ಗೆರೆ ಗ್ರಿಲ್ ಅಂಗಡಿ: ಹೆಲ್ಮೆಟ್ ಮುಂದಿನ ಪ್ಲಾಸ್ಟಿಕ್ ಮಂಕಾಗಿತ್ತು ಮೇಷ್ಟ್ರೆ. ಥಿನ್ನರ್ ಹಾಕಿ ಒರೆಸಿದೆ, ಇನ್ನೂ ಮಂಕಾಯಿತು.

ಮೇಷ್ಟ್ರು: ಥಿನ್ನರ್, ಪೆಟ್ರೋಲ್ ತಗುಲಿದರೆ ಆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಒಳಗೊಳಗೇ ಬಿರುಕು ಬಿಡುತ್ತದೆ. ಮೊದಲು ಧೂಳು ಊದಿ, ಆಮೇಲೆ ಸೋಪಿನ ನೀರಲ್ಲಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ಆ ಹೊರಗಿನ ಶೀಟು ಇರುವುದೇ ಕಿಡಿ ತಿಂದು ಸಾಯಲಿಕ್ಕೆ. ಬದಲಾಯಿಸಿ. ಒಳಗಡೆಯೂ ಒಂದು ಶೀಟು ಇರುತ್ತದೆ, ಅದನ್ನು ಯಾರೂ ತೆಗೆದೇ ನೋಡುವುದಿಲ್ಲ.

ಕಾಮಾಕ್ಷಿಪಾಳ್ಯ ಅಣ್ಣ: ಸಾರ್, ನನ್ನ ತಮ್ಮನಿಗೆ 19 ವರ್ಷ. ಆರು ವಾರದ ಹಿಂದೆ ಒಂದು ಶೆಡ್ಡಿಗೆ ಸೇರಿದ. ಸಂಡೆ ಬಜಾರಿನಲ್ಲಿ ಸೆಕೆಂಡ್ ಹ್ಯಾಂಡ್ ಆಟೋ ಡಾರ್ಕ್ ಹೆಲ್ಮೆಟ್ ತಗೊಂಡಿದ್ದಾನೆ, ವೆಲ್ಡಿಂಗ್ ಶುರುವಾದರೆ ಗಾಜು ತಾನೇ ಕಪ್ಪಾಗುವಂಥದ್ದು. ಕೆಲಸದ ಮಧ್ಯೆ ಒಂದೊಂದು ಸಲ ಬೆಳ್ಳಗಾಗುತ್ತದಂತೆ. ವಾರಕ್ಕೆ ಎರಡು ರಾತ್ರಿಯಾದರೂ ಎದ್ದು ಕೂರುತ್ತಾನೆ. ಕಣ್ಣಲ್ಲಿ ಮರಳು ಹಾಕಿದ ಹಾಗೆ, ನೀರು ಸುರಿಯುತ್ತದೆ, ಮೊಬೈಲ್ ಬೆಳಕೂ ಆಗಲ್ಲ. ಬ್ಯಾಟರಿ ಬದಲಾಯಿಸಿದರೆ ಸರಿ ಹೋಗುತ್ತಾ?

ಸುಂಕದಕಟ್ಟೆ: ಆಲೂಗಡ್ಡೆ ಬಿಲ್ಲೆ ಕಟ್ಟಿ ಮಲಗಲಿ. ಎದೆಹಾಲು ಎರಡು ಹನಿ ಬಿಟ್ಟರೆ ಇನ್ನೂ ಬೇಗ. ನನಗೆ ಬಂದ ಮೆಸೇಜ್ ಕೆಳಗೆ ಹಾಕಿದ್ದೇನೆ.

ಮೇಷ್ಟ್ರು: ಆ ಮೆಸೇಜ್ ಅಳಿಸಿ ಸ್ವಾಮಿ. ಸುಟ್ಟ ಕಣ್ಣಿಗೆ ಅಡುಗೆಮನೆ ಸಾಮಾನು ಬೇಡ.

ಕಾಮಾಕ್ಷಿಪಾಳ್ಯದವರೇ, ಇದನ್ನು ಪೂರ್ತಿ ಓದಿ. ಮಧ್ಯೆ ಬೆಳ್ಳಗಾಗಲು ಕಾರಣ ಸುಲಭ. ಆರ್ಕ್, ಅಂದರೆ ವೆಲ್ಡಿಂಗ್ ಬೆಳಕು, ಗುರುತಿಸುವ ಸೆನ್ಸರ್ ಮೇಲೆ ಸ್ಪ್ಯಾಟರ್ (ಸಿಡಿದ ಲೋಹದ ಹನಿ) ಕೂತಿರಬಹುದು, ಪೈಪು ಅಡ್ಡ ಬಂದು ಸೆನ್ಸರಿಗೆ ಆರ್ಕ್ ಕಾಣದೇ ಇರಬಹುದು, ಬ್ಯಾಟರಿ ಇಳಿದಿರಬಹುದು. ನನಗೆ ಯೋಚನೆ ಅದಲ್ಲ. ಒಳ್ಳೆ ಫಿಲ್ಟರ್, ಅಂದರೆ ಆ ಕಪ್ಪಾಗುವ ಗಾಜು, ಬೆಳ್ಳಗಿದ್ದಾಗಲೂ ಯುವಿ (ಕಣ್ಣಿಗೆ ಕಾಣದ ನೇರಳಾತೀತ ಕಿರಣ) ತಡೆಯುತ್ತದೆ. ಕಪ್ಪಾಗುವುದು ಬೆಳಕು ಕುಕ್ಕದಿರಲಿ ಅಂತ. ರಾತ್ರಿ ಮರಳು ಹಾಕಿದ ಹಾಗಾಗುವುದು ಮಾತ್ರ ಯುವಿಯಿಂದಲೇ. ಕಣ್ಣಿನ ಮೇಲ್ಪದರ ಸುಡುತ್ತದೆ, ನೋವು 6ರಿಂದ 12 ಗಂಟೆ ತಡವಾಗಿ ಬರುತ್ತದೆ. ಹಾಗಾದರೆ ಆ ಯುವಿ ಎಲ್ಲಿಂದ ಬಂತು? ಫಿಲ್ಟರ್ ಒಡೆದಿದೆಯೋ, ನಕಲಿಯೋ, ಹುಡುಗ ಹೆಲ್ಮೆಟ್ ಎತ್ತಿಕೊಂಡೇ ಟ್ಯಾಕ್ (ಚಿಕ್ಕ ಚುಕ್ಕಿ ವೆಲ್ಡ್) ಹೊಡೆಯುತ್ತಾನೋ, ಇಲ್ಲ ಬೆನ್ನ ಹಿಂದಿನಿಂದ ಬರುತ್ತಿದೆಯೋ.

ಈಗಲೇ ನೋಡಿ ಹೇಳಿ. ಫಿಲ್ಟರನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಮೂಲೆಯಲ್ಲಿ ಕೂದಲೆಳೆ ಗೀಟು ಕಾಣುತ್ತಾ? ಅವನ ಕಿವಿ ಹಿಂದೆ, ಕತ್ತಿನ ಮೇಲೆ ಕೆಂಪಗಿದೆಯಾ? ಅವನ ಹಿಂದೆ ಯಾರು ಏನು ವೆಲ್ಡ್ ಮಾಡುತ್ತಾರೆ? ನಾಳೆ ಕೆಲಸಕ್ಕೆ ಕಳಿಸಬೇಡಿ, ಮಿಂಟೋ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೆಡಿಕಲ್ ಶಾಪಿನಲ್ಲಿ ಮರಗಟ್ಟಿಸುವ ಡ್ರಾಪ್ಸ್ ತಂದು ಬಿಡಬೇಡಿ. ನೋವು ಹೋಗುತ್ತದೆ, ಗಾಯ ಮಾಯುವುದಿಲ್ಲ.

ಅಂದ್ರಹಳ್ಳಿ: 10 ನಂಬರ್ ವೆಲ್ಡಿಂಗ್ ರಾಡಿಗೆ ಹೆಲ್ಮೆಟ್ಟಿನಲ್ಲಿ 10 ನಂಬರ್ ಗಾಜು, 8ಕ್ಕೆ 8 ಅಲ್ವಾ ಸಾರ್?

ಮೇಷ್ಟ್ರು: ಅಯ್ಯೋ, ಅಲ್ಲ! ರಾಡ್ ನಂಬರ್ ಇಳಿದರೆ ರಾಡ್ ದಪ್ಪ. ಗಾಜಿನ ನಂಬರ್ ಏರಿದರೆ ಕಪ್ಪು ಜಾಸ್ತಿ. 10 ನಂಬರ್ ರಾಡಿಗೆ ಗಾಜು 10 ಅಥವಾ 11. 8 ನಂಬರ್ ರಾಡಿಗೆ 11, 12.

ಬೊಮ್ಮಸಂದ್ರ: ಲೆದರ್ ಗ್ಲೌಸ್ ಹಪ್ಪಳದ ಹಾಗಾಗಿದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ ಅಂತ ಗ್ರೂಪಲ್ಲೇ ಯಾರೋ ಹೇಳಿದ್ದರು.

ಮೇಷ್ಟ್ರು: ಕಿಡಿ ಬಿದ್ದರೆ ದೀಪದ ಬತ್ತಿ ಆಗುತ್ತದೆ. ಎಣ್ಣೆ, ಗ್ರೀಸ್ ಯಾವುದೂ ಬೇಡ. ಬೆವರಿದ ಗ್ಲೌಸನ್ನು ಆಗಷ್ಟೇ ವೆಲ್ಡ್ ಮಾಡಿದ ಬಿಸಿ ಜಾಬ್ ಮೇಲೆ ಒಣಗಿಸುತ್ತೀರಿ, ಅದಕ್ಕೇ ಹಪ್ಪಳ ಆಗುವುದು. ನೆರಳಲ್ಲಿ ನೇತು ಹಾಕಿ. ಹಸಿ ಗ್ಲೌಸಲ್ಲಿ ರಾಡಿನ ಹೋಲ್ಡರ್ ಹಿಡಿದರೆ ಶಾಕ್. ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.

ಬೊಮ್ಮಸಂದ್ರ: ಯಾರು ಕೊಡಿಸುತ್ತಾರೆ ಸಾರ್? ಓನರ್ ಆರು ತಿಂಗಳಿಗೆ ಒಂದು ಜೊತೆ ಕೊಡುತ್ತಾರೆ, ಅದೂ ಬೈದು.

ರಾಜಗೋಪಾಲನಗರ ವರ್ಕ್‌ಶಾಪ್: ಕೊಟ್ಟಿದ್ದು ಹಾಕಿಕೊಳ್ಳುತ್ತೀರಾ? ನಮ್ಮಲ್ಲಿ ಏಪ್ರನ್ ಹಾಸಿಕೊಂಡು ಊಟ ಮಾಡುತ್ತಾರೆ. ಗ್ಲೌಸಲ್ಲಿ ಟೀ ಪಾತ್ರೆ ಇಳಿಸುತ್ತಾರೆ.

ಬೊಮ್ಮಸಂದ್ರ: ಕೂರೋಕೆ ಒಂದು ಬೆಂಚು ಹಾಕಿಸಿ, ಏಪ್ರನ್ ಹಾಸಿಕೊಳ್ಳಲ್ಲ.

ರಾಜಗೋಪಾಲನಗರ ವರ್ಕ್‌ಶಾಪ್: ನಾಲಿಗೆ ಬಿಗಿ ಹಿಡಿದು ಮಾತಾಡು. ನಾನು ನಿನ್ನ ಓನರ್ ಅಲ್ಲ.

ಬೊಮ್ಮಸಂದ್ರ: ಅದೇ ನನ್ನ ಪುಣ್ಯ.

ದಾಸರಹಳ್ಳಿ: ಎನ್95 ಮಾಸ್ಕ್ ಎಷ್ಟು ಸಲ ತೊಳೆಯಬಹುದು?

ಮೇಷ್ಟ್ರು: ಒಂದು ಸಲವೂ ಇಲ್ಲ.

ಸುಂಕದಕಟ್ಟೆ: ಮಾಸ್ಕ್ ಯಾಕೆ, ಸಂಜೆ ಒಂದು ಅಚ್ಚು ಬೆಲ್ಲ ತಿಂದರೆ ಹೊಗೆಯೆಲ್ಲ ಇಳಿದು ಹೋಗುತ್ತದೆ. ನಮ್ಮ ತಂದೆ ಕಾಲದಿಂದಲೂ ಹಾಗೇ.

ಮೇಷ್ಟ್ರು: ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ. ಎರಡೂ ಭೇಟಿ ಆಗುವುದೇ ಇಲ್ಲ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2017ರಲ್ಲೇ ತೀರ್ಮಾನ ಮಾಡಿದೆ. ನೀವು ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಗ್ರೂಪ್ ಬಿಡುತ್ತೇನೆ.

ಸುಂಕದಕಟ್ಟೆ: ಒಳ್ಳೇದಕ್ಕೆ ಹೇಳಿದರೂ ತಪ್ಪಾ? ದೊಡ್ಡವರಿಗೆ ಸ್ವಲ್ಪ ಮರ್ಯಾದೆ ಇರಲಿ.

ಅಂದ್ರಹಳ್ಳಿ: ಜಿಐ (ಸತು ಲೇಪದ) ಪೈಪ್ ವೆಲ್ಡ್ ಮಾಡಿದ ರಾತ್ರಿ ಚಳಿಜ್ವರ ಬರುತ್ತದೆ. ಯಾವ ಮಾಸ್ಕ್ ಹಾಕಬೇಕು ಸಾರ್?

ಲಗ್ಗೆರೆ ಗ್ರಿಲ್ ಅಂಗಡಿ: ಶೀಟಿನ ಗೀರಿಗೆ ಟೂತ್‌ಪೇಸ್ಟ್ ಉಜ್ಜಿದರೆ ಹೋಗುತ್ತಂತಲ್ಲ?

ಮೇಷ್ಟ್ರು: ಬದಲಾಯಿಸಿ ಅಂದೆನಲ್ಲ.

ಕಾಮಾಕ್ಷಿಪಾಳ್ಯ ಅಣ್ಣ: ಸಾರ್, ನೋಡಿದೆ. ಫಿಲ್ಟರಿನಲ್ಲಿ ಗೀಟು ಇಲ್ಲ. ಕತ್ತಿನ ಹಿಂದೆ ಕಾಲರ್ ಮೇಲೆ ಎರಡು ಬೆರಳಗಲ ಕೆಂಪಗಾಗಿದೆ, ಸಿಪ್ಪೆ ಏಳುತ್ತಿದೆ. ಬಿಸಿಲು ಅಂದುಕೊಂಡಿದ್ದ. ಅವನ ಹಿಂದೆ ಇಬ್ಬರು ಹೋಟೆಲಿನ ಸ್ಟೀಲ್ ಸಿಂಕಿಗೆ ಟಿಗ್ ವೆಲ್ಡಿಂಗ್ ಮಾಡುತ್ತಾರಂತೆ. ಪಕ್ಕದ ಗೋಡೆಗೆ ಅಲ್ಯೂಮಿನಿಯಂ ಶೀಟು.

ಮೇಷ್ಟ್ರು: ಸಿಕ್ಕಿತು ನೋಡಿ. ಸ್ಟೀಲೂ ಅಲ್ಯೂಮಿನಿಯಮ್ಮೂ ಯುವಿಯನ್ನು ಕನ್ನಡಿ ಹಾಗೆ ವಾಪಸ್ ಎಸೆಯುತ್ತವೆ. ಅದು ಹೆಲ್ಮೆಟ್ ಹಿಂದಿನಿಂದ ನುಗ್ಗಿ, ಒಳಗಿನ ಗಾಜಿಗೆ ಬಡಿದು ಕಣ್ಣಿಗೆ ಬೀಳುತ್ತದೆ. ಬ್ಯಾಟರಿ ಸಾವಿರ ಹಾಕಿದರೂ ಅಷ್ಟೇ. ನಡುವೆ ವೆಲ್ಡಿಂಗ್ ಪರದೆ ಕಟ್ಟಿಸಬೇಕು. ಹೆಲ್ಮೆಟ್ ಹಿಂಭಾಗಕ್ಕೆ ಲೆದರ್ ಇಳಿಬಿಡಬೇಕು. ಒಳಗೆ ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಕನ್ನಡಕ, ಪಕ್ಕ ಮುಚ್ಚಿರುವಂಥದ್ದು. ಆ ಹೆಲ್ಮೆಟ್ ಅಸಲಿಯೋ ಅಂತ ನನಗಿನ್ನೂ ನಂಬಿಕೆ ಇಲ್ಲ, ಒಳಗಿನ ನಂಬರಿನ ಫೋಟೋ ಕಳಿಸಿ. ಸಿಂಕಿನ ಇಬ್ಬರಿಗೂ ಕಣ್ಣು ಹೇಗಿದೆ ಅಂತ ಕೇಳಿ.

ಕಾಮಾಕ್ಷಿಪಾಳ್ಯ ಅಣ್ಣ: ಪರದೆ ಕೇಳಿದರೆ ಕೆಲಸದಿಂದ ತೆಗೆಯುತ್ತಾರೆ ಅಂತ ತಮ್ಮ ಹೆದರುತ್ತಿದ್ದಾನೆ ಸಾರ್.

ರಾಜಗೋಪಾಲನಗರ ವರ್ಕ್‌ಶಾಪ್: ಎಲ್ಲ ಓನರೂ ಹಾಗಲ್ಲ. ನಂಬರ್ ಕೊಡಿ, ನಾನು ಮಾತಾಡುತ್ತೇನೆ.

ಬೊಮ್ಮಸಂದ್ರ: ಮೊದಲು ನಿಮ್ಮ ಶೆಡ್ಡಿನ ಪರದೆ ಫೋಟೋ ಹಾಕಿ.

ಅಂದ್ರಹಳ್ಳಿ: ಸಾರ್, ಜಿಐ ಪೈಪ್ ವಿಷಯ?

ದಾಸರಹಳ್ಳಿ: ಎನ್95 ಬಿಸಿಲಿಗಾದರೂ ಇಡಬಹುದಾ?