ಶಿಬಿರದಿಂದ ಬಂದ ಮಗ ಬದಲಾಗಿದ್ದು ಎರಡೇ ವಾರ

ಹದಿನಾಲ್ಕರವನ ತಾಯಿ: ಮಗನನ್ನು ಹತ್ತು ದಿನದ ಸಾಹಸ ಶಿಬಿರಕ್ಕೆ ಕಳುಹಿಸಿದ್ದೆ. ಬಂದವನು ತನ್ನ ತಟ್ಟೆ ತಾನೇ ತೊಳೆದ, ಹಾಸಿಗೆ ಮಡಚಿಟ್ಟ. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಮೊಬೈಲ್, ಅದೇ ಮೌನ. ಇಂಥ ಶಿಬಿರಗಳಿಂದ ನಿಜಕ್ಕೂ ಏನಾದರೂ ಉಳಿಯುತ್ತದೆಯೇ?

ಸಂಶಯಪಿಶಾಚಿ: ಉಳಿಯುವುದು ಫೋಟೊ ಮತ್ತು ಪ್ರಮಾಣಪತ್ರ. ಕರಪತ್ರದಲ್ಲಿ 'ವ್ಯಕ್ತಿತ್ವ ವಿಕಸನ' ಎಂದು ಅಚ್ಚು ಹಾಕಿಸಿದರೆ ಸಾಕು, ಹೆತ್ತವರು ಸಾಲುಗಟ್ಟುತ್ತಾರೆ. ಬಂಡೆ ಹತ್ತಲು ಕಲಿತವನು ಬಂಡೆ ಹತ್ತುತ್ತಾನೆ. ಗಣಿತದ ಭಯ ಅದರಿಂದ ಹೇಗೆ ಹೋದೀತು?

ಹಗ್ಗ ಹಿಡಿದವನು: ಏಳು ವರ್ಷ ಶಿಬಿರ ನಡೆಸಿದ್ದೇನೆ. ಎಲ್ಲರ ಕಣ್ಣೂ ಬಂಡೆ ಹತ್ತುವವನ ಮೇಲೆ. ನಾನು ನೋಡುವುದು ಅವನು ಬೀಳದಂತೆ ಕೆಳಗೆ ಹಗ್ಗ ಹಿಡಿದವನನ್ನು. ಮನೆಯಲ್ಲಿ ಒಲೆಯ ಮೇಲಿನ ಹಾಲನ್ನು ಮರೆಯುವ ಹುಡುಗ ಅಲ್ಲಿ ಕಾಲು ಗಂಟೆ ಕಣ್ಣು ಕೀಳುವುದಿಲ್ಲ. ಗೆಳೆಯ ಒಂದು ಹೆಜ್ಜೆ ಏರಿದರೆ ಸಡಿಲವಾದಷ್ಟು ಹಗ್ಗ ಎಳೆದುಕೊಳ್ಳುತ್ತಾನೆ, ಹಗ್ಗವನ್ನು ತಡೆಹಿಡಿದ ಕೈಯನ್ನು ಒಮ್ಮೆಯೂ ಸಡಿಲಿಸುವುದಿಲ್ಲ. ಆ ವಯಸ್ಸಿನವರಿಗೆ ನಾವು ಬುದ್ಧಿ ಹೇಳುತ್ತೇವೆಯೇ ಹೊರತು ನಿಜವಾದ ಹೊಣೆ ಕೊಡುವುದು ಅಪರೂಪ.

ಪುಸ್ತಕದ ಹುಳು: ಇಂಥ ಶಿಬಿರ ಹುಟ್ಟಿದ್ದೂ ಜೀವದ ಪ್ರಶ್ನೆಯಿಂದಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗು ಮುಳುಗಿದರೆ ಎಳೆಯ ನಾವಿಕರು ಹಿರಿಯರಿಗಿಂತ ಬೇಗ ಕೈಚೆಲ್ಲುತ್ತಾರೆ ಎಂಬ ಆತಂಕ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರಿಗಿತ್ತು. 1941ರಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ಜೊತೆ ಸೇರಿ ವೇಲ್ಸ್‌ನ ಅಬರ್‌ಡೋವಿಯಲ್ಲಿ 'ಔಟ್‌ವರ್ಡ್ ಬೌಂಡ್' ಶಾಲೆ ತೆರೆದರು. 1997ರಲ್ಲಿ ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಸಂಗಡಿಗರು ಇಂಥ ಶಿಬಿರಗಳ ಕುರಿತ 96 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಲಾಭ ಅದ್ಭುತವೇನಲ್ಲ, ಆದರೆ ಶಿಬಿರ ಮುಗಿದ ಮೇಲೂ ಕರಗದೆ ತುಸು ಹೆಚ್ಚಿತ್ತು. ಆದರೆ ಒಂದು ಶಿಬಿರಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಇಪ್ಪತ್ತು ದಿನ ಮೀರಿದವು ಮೇಲು.

ಸಂಶಯಪಿಶಾಚಿ: ಬಯಸಿ ಹೋದವರ ಮಾತಾಯಿತು. ಬಲವಂತಕ್ಕೆ ಹೋದವರ ಗತಿ? ಹದಿಮೂರನೆಯ ವಯಸ್ಸಿನಲ್ಲಿ ನನ್ನನ್ನು ಎತ್ತರದ ತಂತಿಯ ಮೇಲೆ ನಿಲ್ಲಿಸಿ ಕೆಳಗಿನಿಂದ ನಕ್ಕರು. ಇಂದಿಗೂ ಮಹಡಿಯ ಅಂಚಿಗೆ ಹೋಗುವುದಿಲ್ಲ.

ಹಗ್ಗ ಹಿಡಿದವನು: ಅದು ನಡೆಸಿದವರ ತಪ್ಪು, ಒಪ್ಪುತ್ತೇನೆ. 'ಒಲ್ಲೆ' ಎನ್ನಲು ಬಿಡದ ಶಿಬಿರಕ್ಕೆ ನಾನೂ ಮಗುವನ್ನು ಕಳುಹಿಸಲಾರೆ. ಇನ್ನು ತಾಯಿಯವರೇ, ಅಲ್ಲಿ ಅವನ ಕೈಗೆ ನಕ್ಷೆ ಕೊಟ್ಟು ದಾರಿ ಹುಡುಕು ಎಂದಿರುತ್ತಾರೆ, ಹತ್ತು ಜನರ ಅಡುಗೆ ಒಪ್ಪಿಸಿರುತ್ತಾರೆ. ಮನೆಗೆ ಬಂದ ಮೇಲೆ ನೀವು ಏನು ಕೊಟ್ಟಿರಿ?

ಹದಿನಾಲ್ಕರವನ ತಾಯಿ: ತೊಳೆಯುತ್ತಿದ್ದ ತಟ್ಟೆಯನ್ನು ಕಿತ್ತುಕೊಂಡವಳು ನಾನೇ. 'ಇದೆಲ್ಲ ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಓದಿಕೋ' ಎಂದಿದ್ದೆ.