ಚೆಲ್ಲೊಗೆ ಸ–ಪ–ಸ–ಪ ಶ್ರುತಿ: ಯಾವ ತಂತಿ, ಎಷ್ಟು ಬಿಗಿ?

ಪ್ರಶ್ನೆ: ನಮಸ್ಕಾರ ಸರ್. ಪೂರ್ಣ ಗಾತ್ರದ ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ), ಮೀಡಿಯಂ ಸ್ಟೀಲ್ ತಂತಿ. ಮಾಮೂಲಿ ಸಿ-ಜಿ-ಡಿ-ಎ ಬಿಟ್ಟು ಪಿಟೀಲಿನ ಹಾಗೆ ಸ-ಪ-ಸ-ಪ (ಷಡ್ಜ-ಪಂಚಮ) ಕೂಡಿಸಿಕೊಂಡು ಕರ್ನಾಟಕ ಸಂಗೀತ ನುಡಿಸಬೇಕು. ಸಿ ಶ್ರುತಿಗೆ ಇಳಿಸಿದರೆ ಮೇಲಿನ ಎರಡು ತಂತಿ (ಡಿ, ಎ) ಜೋಲುತ್ತವೆ. ಡಿ ಶ್ರುತಿಗೆ ಏರಿಸೋಣ ಅಂದರೆ ಕುದುರೆ (ತಂತಿ ಹೊರುವ ಮರದ ಬ್ರಿಜ್) ಏನಾಗುತ್ತೋ ಅಂತ ಭಯ. ಯಾವ ತಂತಿ ತರಿಸಲಿ?

ಉತ್ತರ (ವಾದ್ಯ ರಿಪೇರಿ): ತಂತಿ ಆಮೇಲೆ, ಮೊದಲು ಶ್ರುತಿ ನಿಶ್ಚಯ ಮಾಡಿ. ಅದು ಗೊತ್ತಾಗದೆ ತರಿಸಿದ ಸೆಟ್ಟು ಅರ್ಧಕ್ಕರ್ಧ ಡಬ್ಬಿಯಲ್ಲೇ ಉಳಿಯುತ್ತೆ.

ಒಂದೇ ತಂತಿಯನ್ನು ಒಂದು ಸ್ವರಸ್ಥಾನ (ಅಂದರೆ ಸೆಮಿಟೋನ್, ಸಿಯಿಂದ ಸಿ ಶಾರ್ಪ್‌ನಷ್ಟು) ಏರಿಸಿದರೆ ಎಳೆತ ಸುಮಾರು 12% ಹೆಚ್ಚುತ್ತೆ, ಎರಡು ಏರಿಸಿದರೆ 26%. ಇಳಿಸಿದರೆ ಒಂದಕ್ಕೆ 11%, ಎರಡಕ್ಕೆ 21% ಕಡಿಮೆ. ಕಂಪನಸಂಖ್ಯೆಯ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಎಳೆತ ಬದಲಾಗೋದರಿಂದ ಈ ಲೆಕ್ಕ.

ಉದಾಹರಣೆಗೆ ಒಂದು ಮೀಡಿಯಂ ಸೆಟ್ಟಿನಲ್ಲಿ ಎ 17.5 ಕೆ.ಜಿ., ಡಿ 14, ಜಿ ಮತ್ತು ಸಿ ತಲಾ 13.5 ಅಂತಿಟ್ಟುಕೊಳ್ಳಿ. ಒಟ್ಟು 58.5. ಸಿ ಶ್ರುತಿಗೆ, ಅಂದರೆ ಒಂದು ಮನೆಗೆ (ಹಾಡುವವರು ಶ್ರುತಿಗೆ ಹೇಳುವ ಲೆಕ್ಕ), ಕೆಳಗಿನ ಎರಡು ತಂತಿ (ಸಿ, ಜಿ) ಇದ್ದಲ್ಲೇ ಇರುತ್ತವೆ. ಎ ಇಳಿದು ಜಿ ಆಗುತ್ತೆ, 13.9 ಕೆ.ಜಿ. ಡಿ ಇಳಿದು ಸಿ ಆಗುತ್ತೆ, ಬರೀ 11.1. ನಿಮಗೆ ಜೋಲು ಅನ್ನಿಸಿದ್ದು ಹೆಚ್ಚಾಗಿ ಈ ಎರಡನೆಯದೇ ಇರಬೇಕು. ಒಟ್ಟು 52. ಎರಡು ಮನೆ, ಅಂದರೆ ಡಿ ಶ್ರುತಿಗೆ, ಮೇಲಿನವು ಅಲುಗಲ್ಲ, ಕೆಳಗಿನ ಎರಡೂ ತಲಾ 17ಕ್ಕೆ ಹೋಗುತ್ತವೆ. ಒಟ್ಟು 65.5.

ಈಗ ಒಂದೂವರೆ ಮನೆ, ಸಿ ಶಾರ್ಪ್ ನೋಡಿ. ಕೆಳಗಿನ ಎರಡು ಒಂದೊಂದು ಸ್ವರಸ್ಥಾನ ಏರುತ್ತವೆ, ಮೇಲಿನ ಎರಡು ಒಂದೊಂದು ಇಳಿಯುತ್ತವೆ. ಒಟ್ಟು 58.4, ಹೆಚ್ಚೂಕಡಿಮೆ ಮೊದಲಿದ್ದಷ್ಟೇ. ಈ ಶ್ರುತಿಗೆ ಏನೂ ಕೊಳ್ಳಬೇಡಿ. ಇರೋ ತಂತಿಯಲ್ಲೇ ಎರಡು ವಾರ ನುಡಿಸಿ ನೋಡಿ.

ಮರುಪ್ರಶ್ನೆ: ಜೊತೆಗೆ ಹಾಡುವವರದ್ದು ಎರಡು ಮನೆ. ಬದಲಾಯಿಸೋಕೆ ಆಗಲ್ಲ.

ಉತ್ತರ: ಹಾಗಾದರೆ ಕೆಳಗಿನ ಎರಡು ತಂತಿ ಮಾತ್ರ ಬದಲಿಸಿ, ಹಗುರ ಗೇಜಿಗೆ (ಕಡಿಮೆ ಎಳೆತದ ತಂತಿಗೆ) ಹೋಗಿ. ಒಬ್ಬೊಬ್ಬ ತಯಾರಕರದ್ದು ಒಂದೊಂದು ಹೆಸರು: ಥೊಮಾಸ್ಟಿಕ್‌ನಲ್ಲಿ ವೈಶ್, ಯಾರ್ಗರ್‌ನಲ್ಲಿ ಡೋಲ್ಚೆ, ಲಾರ್ಸೆನ್‌ನಲ್ಲಿ ಸಾಫ್ಟ್, ಡಿ'ಅಡಾರಿಯೊದಲ್ಲಿ ಲೈಟ್. ಹೆಸರು ನಂಬಬೇಡಿ, ಎಳೆತದ ಅಂಕಿ ನೋಡಿ. ಅದು ನ್ಯೂಟನ್‌ನಲ್ಲಿದ್ದರೆ 9.8ರಿಂದ, ಪೌಂಡ್‌ನಲ್ಲಿದ್ದರೆ 2.2ರಿಂದ ಭಾಗಿಸಿ. ಸಿ ಶ್ರುತಿಯಲ್ಲಿ 12.3 ಕೆ.ಜಿ. ಇರೋ ಹಗುರ ತಂತಿ ಡಿ ಶ್ರುತಿಯಲ್ಲಿ 15.5 ಆಗುತ್ತೆ. ಗಟ್ಟಿಮುಟ್ಟಾದ ಚೆಲ್ಲೊಗೆ ಇದು ತೊಂದರೆಯಿಲ್ಲ. ಹಳೆಯದಾಗಿದ್ದರೆ, ಮೇಲಿನ ಹಲಗೆಯಲ್ಲಿ ಹಿಂದೆ ಬಿರುಕು ಬಿಟ್ಟು ಅಂಟಿಸಿದ್ದರೆ ಒಮ್ಮೆ ರಿಪೇರಿಯವರಿಗೆ ತೋರಿಸದೆ ಮುಟ್ಟಬೇಡಿ.

ಇನ್ನು ಸಿ ಶ್ರುತಿಯೇ ಬೇಕು ಅನ್ನುವವರು ಇದರ ತಿರುವುಮುರುವು ಮಾಡಬೇಕು: ಡಿ ತಂತಿ ಹೆವಿ, ಎ ಕೂಡ ಹೆವಿ ಇದ್ದರೆ ಒಳ್ಳೆಯದು. ಆದರೂ 15 ಕೆ.ಜಿ.ಯ ಹೆವಿ ಡಿ ತಂತಿ ಇಳಿದ ಮೇಲೆ 12ಕ್ಕೆ ಬಂದು ನಿಲ್ಲುತ್ತೆ, ಅದಕ್ಕಿಂತ ಪವಾಡ ಆಗಲ್ಲ.

ಇನ್ನೊಬ್ಬ ಸದಸ್ಯರು (ಚೆಲ್ಲೊ ವಾದಕರು): ಒಂದು ಮಾತು ಸೇರಿಸ್ತೀನಿ. ಸಡಿಲ ತಂತಿಯಲ್ಲಿ ಜಾರು (ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸೋದು) ಸುಲಭ ಅಂತ ಮೊದಲು ಖುಷಿಯಾಗುತ್ತೆ. ಆದರೆ ಕಮಾನು ಒತ್ತಿ ಎಳೆದಾಗ ಸ್ವರ ಹುಟ್ಟುವಾಗಲೇ ಮೇಲೆ ಹಾರಿ ಆಮೇಲೆ ಇಳಿಯುತ್ತೆ. ಕಂಪಿತದಲ್ಲಿ (ಸ್ವರ ಅಲುಗಿಸುವಾಗ) ಬೆರಳಿನ ಭಾರಕ್ಕೂ ಸ್ವರ ಏರುತ್ತೆ. ಕಿವಿಗೆ ಅದು ಗಮಕ ಅನ್ನಿಸಲ್ಲ, ಅಪಶ್ರುತಿ ಅನ್ನಿಸುತ್ತೆ. ಹಾಗಂತ ಇಳಿಸೋದು ಹೊಸದೇನಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಬಾಖ್ ಅವರ ಐದನೇ ಚೆಲ್ಲೊ ಸೂಟ್ ಅನ್ನೋ ಕೃತಿಗೆ ಎ ತಂತಿಯನ್ನು ಜಿಗೆ ಇಳಿಸಬೇಕು, ಕೊಡಾಯ್ 1915ರಲ್ಲಿ ಬರೆದ ಒಂಟಿ ಚೆಲ್ಲೊ ಸೊನಾಟಾಗೆ ಕೆಳಗಿನ ಎರಡನ್ನು ಒಂದೊಂದು ಸ್ವರಸ್ಥಾನ ಇಳಿಸಬೇಕು.

ಉತ್ತರ: ಸರಿಯಾಗಿ ಹೇಳಿದಿರಿ. ಸಡಿಲ ತಂತಿ ಅಗಲವಾಗಿ ತೂಗೋದರಿಂದ ಫಿಂಗರ್‌ಬೋರ್ಡ್‌ಗೆ (ಬೆರಳೊತ್ತುವ ಹಲಗೆಗೆ) ಬಡಿದು ಜರ್ ಅನ್ನೋದೂ ಉಂಟು. ಫಿಂಗರ್‌ಬೋರ್ಡಿನ ತುದಿಯಲ್ಲಿ ಎ ಕೆಳಗೆ ಸುಮಾರು 5 ಮಿ.ಮೀ., ಸಿ ಕೆಳಗೆ 7–8 ಮಿ.ಮೀ. ಸಂದು ಇದೆಯಾ ಅಳೆದು ನೋಡಿ.

ಮರುಪ್ರಶ್ನೆ: ತಂತಿ ನಾನೇ ಹಾಕ್ಕೊಬಹುದಾ?

ಉತ್ತರ: ಧಾರಾಳವಾಗಿ. ಆದರೆ ಒಂದೊಂದೇ ಬಿಚ್ಚಿ, ಒಂದೊಂದೇ ಹಾಕಿ. ನಾಲ್ಕೂ ಒಟ್ಟಿಗೆ ಸಡಿಲಿಸಿದರೆ ಕುದುರೆ ಬೀಳುತ್ತೆ, ಒಳಗಿನ ಸೌಂಡ್ ಪೋಸ್ಟ್ (ಮರದ ಊರೆ ಕಡ್ಡಿ) ಕೂಡ ಬೀಳಬಹುದು. ಮೆತ್ತನೆ ಪೆನ್ಸಿಲ್ ತಗೊಂಡು ನಟ್ (ಬಿರಡೆಯ ಹತ್ತಿರ ತಂತಿ ಕೂರುವ ಪಟ್ಟಿ) ಮತ್ತು ಕುದುರೆಯ ಮೇಲೆ ತಂತಿ ಕೂರುವ ಕಚ್ಚುಗಳಿಗೆ ಚೆನ್ನಾಗಿ ಸೀಸ ಬಳಿಯಿರಿ. ಕಚ್ಚು ಒರಟಾಗಿದ್ದರೆ ತಂತಿಯ ಮೇಲಿನ ಸುತ್ತು ಅಲ್ಲೇ ಕಿತ್ತುಬರುತ್ತೆ. ಬಿರಡೆ ತಿರುಗಿಸಿ ಏರಿಸುವಾಗ ತಂತಿ ಕುದುರೆಯ ತಲೆಯನ್ನು ಫಿಂಗರ್‌ಬೋರ್ಡಿನ ಕಡೆ ಎಳೆದುಕೊಂಡು ಹೋಗುತ್ತೆ. ಪ್ರತಿ ತಂತಿ ಆದ ಮೇಲೆ ಪಕ್ಕದಿಂದ ಕಣ್ಣಿಟ್ಟು ನೋಡಿ. ಕುದುರೆಯ ಟೇಲ್‌ಪೀಸ್ (ತಂತಿಯ ಕೆಳತುದಿ ಸಿಕ್ಕಿಸುವ ತುಂಡು) ಕಡೆಯ ಮುಖ ವಾದ್ಯದ ಮೈಗೆ ನೇರ ಲಂಬವಾಗಿರಬೇಕು. ವಾಲಿದ್ದರೆ ಎರಡೂ ಕೈಯ ಬೆರಳಿಂದ ಹಿಡಿದು ಮೆಲ್ಲಗೆ ಹಿಂದಕ್ಕೆ ತನ್ನಿ. ಹೀಗೆ ವಾಲಿದ ಕುದುರೆಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬಿಲ್ಲಿನಂತೆ ಬಾಗಿಹೋಗುತ್ತೆ. ಆಮೇಲೆ ಹೊಸದೇ ಗತಿ.

ದಿನಾ ಅತ್ತ ಇತ್ತ ಶ್ರುತಿ ಬದಲಿಸೋದು ಬೇಡ. ಫೈನ್ ಟ್ಯೂನರ್ ಇರೋದು ಸಣ್ಣ ತಿದ್ದುಪಡಿಗೆ, ದೊಡ್ಡ ಅಂತರವನ್ನು ಬಿರಡೆಯಲ್ಲೇ ಮಾಡಿ.

ಪ್ರಶ್ನೆ (ಬೇರೊಬ್ಬರು): ನಮ್ಮ ಅಕ್ಕ ಹಾಡೋದು ಐದು ಮನೆಗೆ, ಜಿ ಶ್ರುತಿ. ಚೆಲ್ಲೊದಲ್ಲಿ ಆಗುತ್ತಾ ಸರ್?

ಉತ್ತರ: ಆಗುತ್ತೆ, ಸ-ಪ-ಸ-ಪ ಹಟ ಬಿಟ್ಟರೆ ಇನ್ನೂ ಸುಲಭ. ಪ-ಸ-ಪ-ಸ ಮಾಡಿ: ಡಿ-ಜಿ-ಡಿ-ಜಿ. ಸಿ ತಂತಿ ಏರಿ ಡಿ ಆಗುತ್ತೆ, ಎ ಇಳಿದು ಜಿ ಆಗುತ್ತೆ, ನಡುವಿನವು ಮುಟ್ಟೋದೇ ಬೇಡ. ಮೇಲಿನ ಲೆಕ್ಕದಲ್ಲಿ ಒಟ್ಟು ಮತ್ತೆ 58.4. ಕೊಳ್ಳೋದಾದರೆ ಒಂದು ಹಗುರ ಸಿ ಸಾಕು. ಕಷ್ಟ ಇರೋದು ಬೆರಳಿಗೆ: ಪಂಚಮ-ಷಡ್ಜದ ಚಿಕ್ಕ ಅಂತರ ಎರಡು ಕಡೆ ಬರೋದರಿಂದ ಪಿಟೀಲಿನ ಅಭ್ಯಾಸ ಕೈಕೊಡುತ್ತೆ.

ಪ್ರಶ್ನೆ: ಶ್ರುತಿ ಬದಲಿಸಿದ ಮೇಲೆ ಎಫ್ ಹತ್ತಿರ ಸ್ವರ ಗೊರಗೊರ ಅಂತ ನಡುಗುತ್ತೆ. ತಂತಿ ಕೆಟ್ಟಿದೆಯಾ?

ಉತ್ತರ: ತಂತಿಯದ್ದಲ್ಲ, ವುಲ್ಫ್ ಅಂತಾರೆ ಅದಕ್ಕೆ. ಬಹಳಷ್ಟು ಚೆಲ್ಲೊಗಳಲ್ಲಿ ಇ ಮತ್ತು ಎಫ್ ಶಾರ್ಪ್ ನಡುವೆ ಎಲ್ಲೋ ಇರುತ್ತೆ, ಅಲ್ಲಿ ಮೈಯ ಕಂಪನ ತಂತಿಯ ಜೊತೆ ಜಗಳಕ್ಕೆ ನಿಲ್ಲುತ್ತೆ. ಎಫ್ ಶಾರ್ಪ್‌ನಲ್ಲಿದ್ದರೆ ಡಿ ಶ್ರುತಿಯಲ್ಲಿ ಅಂತರ ಗಾಂಧಾರ, ಸಿ ಶಾರ್ಪ್‌ನಲ್ಲಿ ಶುದ್ಧ ಮಧ್ಯಮ. ಎರಡೂ ನಿಂತು ನುಡಿಸಬೇಕಾದ ಸ್ವರಗಳೇ, ಅದಕ್ಕೇ ಈಗ ಕಣ್ಣಿಗೆ ಬಿದ್ದಿದೆ. ಕುದುರೆಯ ಆಚೆ, ಟೇಲ್‌ಪೀಸ್ ಕಡೆ ತಂತಿಗೆ ಹಾಕುವ ಹಿತ್ತಾಳೆ ಕೊಳವೆ ಸಿಗುತ್ತೆ. ಜಿ ತಂತಿಗೆ ಹಾಕಿ ಮಿಲಿಮೀಟರ್ ಮಿಲಿಮೀಟರ್ ಸರಿಸುತ್ತ ಹುಡುಕಿ, ಆಗದಿದ್ದರೆ ಸಿಗೆ. ಮೊದಲೇ ಹಾಕಿದ್ದರೆ ಅದರ ಜಾಗ ಈಗ ಬದಲಾಗಿರುತ್ತೆ, ಎಳೆತ ಬದಲಾದಾಗ ಆಚೆ ತುಂಡಿನ ಸ್ವರವೂ ಬದಲಾಗಿದೆಯಲ್ಲ.

ಪ್ರಶ್ನೆ: ಮುಕ್ಕಾಲು ಗಾತ್ರದ ಚೆಲ್ಲೊಗೆ ದೊಡ್ಡದರ ತಂತಿ ಹಾಕಿ ಏರಿಸಿದರೆ?

ಉತ್ತರ: ಎಳೆತದ ಮಟ್ಟಿಗೆ ಲೆಕ್ಕ ಕೂಡುತ್ತೆ, ಉದ್ದ ಕಡಿಮೆಯಾದಷ್ಟೂ ಎಳೆತ ಇಳಿಯೋದರಿಂದ. ಆದರೆ ದೊಡ್ಡ ತಂತಿಯ ರೇಷ್ಮೆ ಸುತ್ತು ಬಿರಡೆಗೆ ಬರೋ ಮೊದಲೇ ಲೋಹದ ದಪ್ಪ ಭಾಗ ಬಿರಡೆಗೆ ಸುತ್ತಿಕೊಳ್ಳುತ್ತೆ, ಅಲ್ಲೇ ಮಡಿಚಿ ಮುರಿಯುತ್ತೆ. ಮುಕ್ಕಾಲಿನದ್ದೇ ತಂತಿ ತಗೊಳ್ಳಿ.