ಪದಚರ್ಚೆ: ‘ರೋಡಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮ ಸಿನಿಮಾ ಬಳಗದವರು ಸೇರಿ 1980ರ ‘ರೋಡಿ’ ಎಂಬ ಅಮೆರಿಕದ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇವೆ. ನಿರ್ದೇಶಕ ಅಲನ್ ರುಡಾಲ್ಫ್. ನಾಯಕ, ಮೀಟ್ ಲೋಫ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಭಾರೀ ಮೈಕಟ್ಟಿನ ರಾಕ್ ಗಾಯಕ. ಮಾತುಗಳೆಲ್ಲ ಹೆಚ್ಚುಕಡಿಮೆ ಕನ್ನಡಕ್ಕೆ ಬಂದಿವೆ. ಚಿತ್ರದ ಹೆಸರೇ ಆಗಿರುವ ಆ ಒಂದು ಪದ ಮಾತ್ರ ಬಗ್ಗುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ರಾಕ್ ತಂಡ ಊರೂರು ತಿರುಗಿ ಕಾರ್ಯಕ್ರಮ ಕೊಡುವಾಗ ಅದರ ಜೊತೆ ಲಾರಿಯಲ್ಲಿ ತಿರುಗುವವನು ರೋಡಿ. ಬೆಳಿಗ್ಗೆ ಊರು ತಲುಪಿದ ಕೂಡಲೇ ಸಾಮಾನು ಇಳಿಸಬೇಕು. ಸ್ಪೀಕರ್ ಏರಿಸಬೇಕು, ವೈರ್ ಎಳೆಯಬೇಕು, ಗಿಟಾರ್‌ಗಳನ್ನು ಶ್ರುತಿ ಮಾಡಿ ಇಡಬೇಕು. ಆಟ ನಡೆಯುವಾಗ ವೇದಿಕೆಯ ಪಕ್ಕದ ಕತ್ತಲಲ್ಲಿ ಕಣ್ಣು ಕೀಲಿಸಿ ನಿಂತಿರಬೇಕು. ತಂತಿ ಹರಿದರೆ ಇನ್ನೊಂದು ಗಿಟಾರ್ ಹಿಡಿದು ಓಡಬೇಕು. ಜನ ಎದ್ದು ಹೋದ ಮೇಲೆ ಕಟ್ಟಿದ್ದೆಲ್ಲ ಬಿಚ್ಚಿ, ಪೆಟ್ಟಿಗೆಗೆ ತುಂಬಿ, ಲಾರಿಗೆ ಏರಿಸಿ, ರಾತ್ರಿಯೇ ಮುಂದಿನ ಊರಿನ ದಾರಿ ಹಿಡಿಯಬೇಕು. ಅಂದರೆ ಇವನು ಹಮಾಲನೂ ಹೌದು, ಮೆಕ್ಯಾನಿಕ್ಕೂ ಹೌದು, ಡ್ರೈವರೂ ಹೌದು. ಮೂರೂ ಒಬ್ಬನೇ ಆಗಿರುವುದರಿಂದಲೇ ನಮಗೆ ಪದ ಸಿಗುತ್ತಿಲ್ಲ.

ಚಿತ್ರದ ಟ್ರ್ಯಾವಿಸ್ ರೆಡ್‌ಫಿಶ್ ಟೆಕ್ಸಸ್‌ನ ಬಿಯರ್ ಲಾರಿ ಡ್ರೈವರ್. ದಾರಿಯಲ್ಲಿ ಕೆಟ್ಟು ನಿಂತ ಗಾಡಿಯೊಂದರ ಕಿಟಕಿಯಲ್ಲಿ ಲೋಲಾ ಎಂಬ ಹುಡುಗಿ ಕಾಣಿಸುತ್ತಾಳೆ. ಅವಳಿಗೋಸ್ಕರ ಲಾರಿ ನಿಲ್ಲಿಸಿ ಆ ಗಾಡಿ ರಿಪೇರಿ ಮಾಡುತ್ತಾನೆ. ಅದು ರಾಕ್ ಕಾರ್ಯಕ್ರಮದ ಗಾಡಿ. ಅಷ್ಟೇ ಸಾಕು, ಅವನು ಆ ತಂಡದ ಜೊತೆ ಸೇರಿಹೋಗುತ್ತಾನೆ. ಯಾವ ಯಂತ್ರ ಕೈಗೆ ಸಿಕ್ಕರೂ ಓಡಿಸುತ್ತಾನೆ. ಕರೆಂಟ್ ಇಲ್ಲ ಅಂದರೆ ಸಗಣಿ ಮತ್ತು ಬಿಸಿಲಿನಿಂದ ಶಕ್ತಿ ಹುಟ್ಟಿಸಿ ಕಾರ್ಯಕ್ರಮ ನಡೆಸುತ್ತಾನೆ. ಗೋಬರ್ ಗ್ಯಾಸ್ ಕಂಡ ನಮ್ಮ ಊರಿನವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಅಲಿಸ್ ಕೂಪರ್, ಬ್ಲಾಂಡಿ ತಂಡ, ರಾಯ್ ಆರ್ಬಿಸನ್ ಮುಂತಾದ ನಿಜವಾದ ಹಾಡುಗಾರರೂ ತಮ್ಮದೇ ಪಾತ್ರದಲ್ಲಿ ಬಂದು ಹೋಗುತ್ತಾರೆ. ಕಥೆಗೆ ಹದ್ದುಬಸ್ತಿಲ್ಲ, ನಿಜ. ಆದರೆ ಹಾಡುವವರನ್ನು ಪಕ್ಕಕ್ಕೆ ಸರಿಸಿ, ಸಾಮಾನು ಹೊರುವವನನ್ನು ಹೀರೋ ಮಾಡಿದ ಚಿತ್ರ ಇದು. ಅದಕ್ಕೇ ನನಗೆ ಇದು ಜಾಸ್ತಿ ಇಷ್ಟ. ಆ ಹೀರೋಗೆ ನಾವು ಕೊಡುವ ಹೆಸರು ತೂಕದ್ದಾಗಿರಬೇಕು ಎಂಬ ಹಟವೂ ಅಲ್ಲಿಂದಲೇ ಬಂದದ್ದು.

‘ರೋಡಿ’ ಅಂತಲೇ ಇಟ್ಟುಕೊಳ್ಳಬಹುದಲ್ವಾ ಎಂದು ಹಲವರು ಕೇಳುತ್ತೀರಿ. ಕಾರು, ಬಸ್ಸು, ಮೈಕು ಬಂದ ಹಾಗೆ ಇದೂ ಬರಲಿ. ತತ್ವವಾಗಿ ನನಗೆ ತಕರಾರಿಲ್ಲ. ತೊಂದರೆ ಕಣ್ಣಿನದು. ‘ರೋಡಿ’ಗೂ ‘ರೌಡಿ’ಗೂ ನಡುವೆ ಇರುವುದು ಒಂದು ಗುಣಿತದ ಚಿಹ್ನೆ. ಪರದೆಯ ಕೆಳಗೆ ಒಂದೆರಡು ಸೆಕೆಂಡು ಮಿಂಚಿ ಹೋಗುವ ಸಾಲಿನಲ್ಲಿ ಆ ಚಿಹ್ನೆಯನ್ನು ಯಾರು ನೋಡುತ್ತಾರೆ? ರೌಡಿ ನಮ್ಮ ಪತ್ರಿಕೆಗಳಲ್ಲಿ, ಸಿನಿಮಾಗಳಲ್ಲಿ ದಿನಾ ಓಡಾಡುವ ಪದ. ಕಣ್ಣು ತಾನಾಗಿ ಅದನ್ನೇ ಓದಿಬಿಡುತ್ತದೆ. ಅದರ ಮೇಲೆ ಟ್ರ್ಯಾವಿಸ್ ದಪ್ಪ ಆಸಾಮಿ, ಬಾರಿನಲ್ಲಿ ಹೊಡೆದಾಟವೂ ಇದೆ. ‘ಇವನು ದೊಡ್ಡ ರೌಡಿ’ ಅಂತ ಓದಿಕೊಂಡವರಿಗೆ ಕಥೆ ಪೂರ್ತಿ ಬೇರೆಯಾಗಿಬಿಡುತ್ತದೆ.

ಇನ್ನೊಂದು ತೊಡಕು ಇಂಡಿಯಾದ್ದೇ. ನಮ್ಮ ಹುಡುಗರಿಗೆ ಈ ಪದ ಗೊತ್ತಿರುವುದು 2003ರಲ್ಲಿ ಶುರುವಾದ ಎಂಟಿವಿಯ ‘ರೋಡೀಸ್’ ರಿಯಾಲಿಟಿ ಶೋ ಮೂಲಕ. ಅಲ್ಲಿ ರೋಡಿ ಅಂದರೆ ಬೈಕ್ ಏರಿ ಊರೂರು ಸುತ್ತುತ್ತಾ ಸ್ಪರ್ಧೆ ಮಾಡುವವನು. ಸಾಮಾನು ಹೊರುವ ಅರ್ಥ ಅಲ್ಲಿ ಸುಳಿಯುವುದೇ ಇಲ್ಲ. ಹಾಗಾಗಿ ಬಳಗದ ಚಿಕ್ಕವರಿಗೆ ‘ರೋಡಿ’ ಅಂದರೆ ಒಂದು ಚಿತ್ರ ಬರುತ್ತದೆ, ದೊಡ್ಡವರಿಗೆ ಇನ್ನೊಂದು. ಎರಡೂ ನಮ್ಮ ಟ್ರ್ಯಾವಿಸ್ ಅಲ್ಲ.

ಸರಿ, ಕನ್ನಡದಲ್ಲಿ ಏನಿದೆ? ‘ಸಂಚಾರಿ ತಂತ್ರಜ್ಞ’ ಅಂತ ಒಬ್ಬರು ಸೂಚಿಸಿದರು. ಅರ್ಥ ಸರಿಯಿದೆ. ಆದರೆ ಸರ್ಕಾರಿ ಹುದ್ದೆಯ ಹಾಗೆ ಕೇಳಿಸುತ್ತದೆ. ಬೆವರಿನ ವಾಸನೆ ಇಲ್ಲ. ಬಿಟ್ಟೆವು.

‘ನೇಪಥ್ಯ ಕಲಾವಿದ’ ಗಟ್ಟಿ ಸೂಚನೆ. ಯಕ್ಷಗಾನದಲ್ಲಿ ಚೌಕಿಯ, ಅಂದರೆ ಬಣ್ಣದ ಮನೆಯ ಕೆಲಸ ನೋಡಿಕೊಳ್ಳುವವರಿಗೆ ಈ ಮಾತು ಬಳಕೆಯಲ್ಲಿದೆ. ವೇಷ ಕಟ್ಟಲು ನೆರವಾಗುವವರು, ಆಭರಣ ಜೋಡಿಸಿಡುವವರು, ಹೊತ್ತಿಗೆ ಸರಿಯಾಗಿ ಬೇಕಾದ್ದನ್ನು ಕೈಗೆ ಕೊಡುವವರು. ಅವರನ್ನೂ ಕಲಾವಿದ ಎಂದು ಕರೆದದ್ದು ಬಹಳ ಮರ್ಯಾದೆಯ ಕೆಲಸ. ಆದರೂ ಸನ್ಮಾನಪತ್ರದಲ್ಲಿ ಒಪ್ಪುವ ಮಾತು ಬಾಯಿಮಾತಿಗೆ ಭಾರ. ‘ಏಯ್ ನೇಪಥ್ಯ ಕಲಾವಿದ, ಆ ವೈರ್ ತಾ’ ಅಂತ ಯಾರೂ ಕೂಗುವುದಿಲ್ಲ. ಮೇಲಾಗಿ ಇದರಲ್ಲಿ ಪರದೆಯ ಹಿಂದಿನ ಜಾಗ ಇದೆ, ರಸ್ತೆ ಇಲ್ಲ.

ರಸ್ತೆ ಬೇಕಿದ್ದರೆ ‘ತಿರುಗಾಟ’ ಇದೆ. ದೀಪಾವಳಿ ಕಳೆದ ಮೇಲೆ ಹೊರಟು, ಮಳೆಗಾಲಕ್ಕೆ ಮುಂಚೆ ಗೆಜ್ಜೆ ಬಿಚ್ಚುವವರೆಗೂ ಯಕ್ಷಗಾನ ಮೇಳಗಳು ನಡೆಸುವುದು ತಿರುಗಾಟವೇ. ರಾಕ್ ತಂಡದ ಟೂರ್‌ಗೆ ನಾವು ಎಲ್ಲ ಕಡೆ ಇದನ್ನೇ ಹಾಕಿದ್ದೇವೆ. ‘ತಿರುಗಾಟ ಶುರುವಾಯ್ತು’, ‘ಈ ತಿರುಗಾಟ ಮುಗಿಯಲಿ, ಮದುವೆ ಆಗೋಣ’. ಚೆನ್ನಾಗಿ ಕೂತಿದೆ. ಆದರೆ ಮನುಷ್ಯನಿಗೆ ‘ತಿರುಗಾಟದವನು’ ಅಂದರೆ ಕೆಲಸವಿಲ್ಲದೆ ಸುಮ್ನೆ ಅಲೆಯುವವನು ಅನ್ನಿಸುತ್ತದೆ. ಅದು ಅನ್ಯಾಯ.

ರಸಮಂಜರಿ ಕಾರ್ಯಕ್ರಮಗಳಲ್ಲಿ ನಾವು ಆಡುವ ಮಾತು ನೋಡಿ: ‘ಸೌಂಡ್‌ನವರು ಬಂದ್ರಾ?’, ‘ಲೈಟ್‌ನವರಿಗೆ ಊಟ ಆಯ್ತಾ?’, ‘ಶಾಮಿಯಾನದವರನ್ನ ಕರೀರಿ’. ಈ ‘ಅವರು’ ಎಷ್ಟು ಸಲೀಸಾಗಿ ಕೆಲಸವನ್ನೂ ಹೇಳುತ್ತದೆ, ಗೌರವವನ್ನೂ ಉಳಿಸುತ್ತದೆ! ‘ಆಳು’ ಎಂಬುದರಲ್ಲಿ ಆ ಗೌರವ ಇಲ್ಲ. ಅದಕ್ಕೆ ನಾನು ‘ಪೆಟ್ಟಿಗೆಯವರು’ ಎಂಬ ಮಾತಿನ ಕಡೆ ವಾಲಿದ್ದೇನೆ. ಲಾರಿ ಬರುವ ಮುಂಚೆ ಮೇಳಗಳು ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾಗ ವೇಷಭೂಷಣದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ನಡೆಯುವವರು ಇರುತ್ತಿದ್ದರು. ರಾಕ್ ತಂಡದ ಲಾರಿಯ ಒಳಗೆ ನೋಡಿದರೂ ಪೆಟ್ಟಿಗೆಗಳೇ. ಮೂಲೆಗೆ ಲೋಹದ ಗುಬುಟು, ಕೆಳಗೆ ಗಾಲಿ, ಮೈಮೇಲೆ ತಂಡದ ಹೆಸರು ಬಳಿದ ಕಪ್ಪು ಪೆಟ್ಟಿಗೆಗಳು. ಯಾವ ಪೆಟ್ಟಿಗೆ ಮೊದಲು ಇಳಿಯಬೇಕು, ಯಾವುದರೊಳಗೆ ಏನಿದೆ ಎಂದು ತಿಳಿದವನೇ ಅಲ್ಲಿ ಯಜಮಾನ. ‘ನಿನ್ನಂಥ ಪೆಟ್ಟಿಗೆಯವನು ಎಲ್ಲೂ ಇಲ್ಲ’ ಎಂಬ ಸಾಲು ಪರದೆಯ ಮೇಲೆ ಹಾಕಿ ನೋಡಿದೆವು. ಓದಲು ಸಲೀಸಾಗಿದೆ.

ಇದಕ್ಕೆ ಬಂದ ಆಕ್ಷೇಪವೂ ಸಣ್ಣದಲ್ಲ. ಉತ್ತರ ಕರ್ನಾಟಕದ ಗೆಳೆಯರೊಬ್ಬರು, ಪೇಟಿ, ಪೆಟ್ಟಿಗೆ ಅಂದರೆ ತಮಗೆ ಮೊದಲು ಹೊಳೆಯುವುದು ಹಾರ್ಮೋನಿಯಂ ಎಂದರು. ನಾಟಕದಲ್ಲಿ ಪೇಟಿ ಮಾಸ್ತರು ಎದುರಿಗೇ ಕೂರುವವರು. ರೋಡಿ ಕಾಣದೇ ಇರುವವನು. ಆ ಕಡೆಯವರಿಗೆ ಪದ ಉಲ್ಟಾ ಹೊಡೆಯುತ್ತದಾ? ಅಲ್ಲಿನ ಕಂಪನಿ ನಾಟಕಗಳ ಬಳಕೆ ಬಲ್ಲವರು ದಯವಿಟ್ಟು ಹೇಳಿ. ಕ್ಯಾಂಪ್ ಎತ್ತುವಾಗ ಸೀನರಿ, ಪರದೆ, ಲೈಟು ಬಿಚ್ಚಿ ಲಾರಿಗೆ ತುಂಬುವವರನ್ನು ಕಂಪನಿಯೊಳಗೆ ಏನೆಂದು ಕರೆಯುತ್ತಿದ್ದರು? ಹೊರಗಿನವರು ಬರೆದ ಪದ ಬೇಡ, ಅವರವರಲ್ಲೇ ಕೂಗುತ್ತಿದ್ದ ಹೆಸರು ಬೇಕು.

ಬರೀ ಹೊರುವ ಅರ್ಥ ಬರುವ ಪದ ಯಾಕೆ ಸಾಲದು ಎಂದು ಕೇಳುವವರಿಗೆ ಬೀಟಲ್ಸ್ ಎಂಬ ರಾಕ್ ತಂಡದ ರೋಡಿ ಮ್ಯಾಲ್ ಎವನ್ಸ್ ಅವರನ್ನು ನೆನಪಿಸುತ್ತೇನೆ. ಅವರು ಲಿವರ್‌ಪೂಲ್‌ನ ಟೆಲಿಫೋನ್ ಎಂಜಿನಿಯರ್. 1963ರ ಜನವರಿಯಲ್ಲಿ ಲಂಡನ್‌ನಿಂದ ತಂಡವನ್ನು ವಾಪಸ್ ಕರೆತರುವಾಗ ವ್ಯಾನಿನ ಮುಂದಿನ ಗಾಜು ಒಡೆಯಿತು. ಅವರು ಗಾಜನ್ನು ಗುದ್ದಿ ಉದುರಿಸಿ, ಕೊರೆಯುವ ಚಳಿಗಾಳಿಗೆ ಮುಖ ಕೊಟ್ಟು ಗಾಡಿ ಓಡಿಸಿದರು. ಆಮೇಲೆ ಸಾಮಾನು ನೋಡಿಕೊಂಡರು. 1967ರ ಒಂದು ಹಾಡಿನಲ್ಲಿ ತಾಳದ ಎಣಿಕೆ ಹೇಳುವ ದನಿಯೂ ಅವರದೇ. 1968ರಲ್ಲಿ ತಂಡ ಋಷಿಕೇಶಕ್ಕೆ ಬಂದಾಗ ಅವರೂ ಬಂದಿದ್ದರು. ಇವರನ್ನು ಹಮಾಲ ಅಂದರೆ ಒಪ್ಪುತ್ತದಾ?

ಇನ್ನೆರಡು ಪ್ರಶ್ನೆ ಚಿಕ್ಕವು. ಪೋಸ್ಟರ್‌ನ ಸಾಲು ‘ರಾಕ್’ ಮತ್ತು ‘ರೋಲ್’ ಎರಡನ್ನೂ ಒಡೆದು ಆಡುತ್ತದೆ: ಒಂದು ತಂಡದ ಪಾಲಿಗೆ, ಇನ್ನೊಂದು ರೋಡಿಗಳ ಪಾಲಿಗೆ. ನಾವು ‘ಕುಣಿಸೋರು ಅವರು, ಉರುಳಿಸೋರು ಇವರು’ ಎಂದಿದ್ದೇವೆ. ಪೆಟ್ಟಿಗೆಯ ಗಾಲಿಯೂ ಅದರಲ್ಲಿ ಬಂತಲ್ಲ ಎಂಬ ಸಮಾಧಾನ ನನಗೆ. ಇದಕ್ಕಿಂತ ಚುರುಕಾದದ್ದು ಹೊಳೆದರೆ ತಿಳಿಸಿ. ಇನ್ನೊಂದು, ಟ್ರ್ಯಾವಿಸ್‌ನ ತಲೆಗೆ ಪೆಟ್ಟು ಬಿದ್ದು ಬಾಯಿಗೆ ಬಂದದ್ದು ಬಡಬಡಿಸುವಾಗ ಅದಕ್ಕೆ ಚಿತ್ರದಲ್ಲಿ ‘ಬ್ರೇನ್‌ಲಾಕ್’ ಅನ್ನುತ್ತಾರೆ. ‘ತಲೆ ಜಾಮ್ ಆಗಿದೆ’ ಎಂದು ಹಾಕಿದ್ದೇವೆ. ಇದು ಹೆಚ್ಚುಕಡಿಮೆ ತೀರ್ಮಾನ ಆದ ಹಾಗೆಯೇ.

ಟ್ರ್ಯಾವಿಸ್‌ನ ಟೆಕ್ಸಸ್ ಮಾತನ್ನು ನಮ್ಮ ಯಾವುದಾದರೂ ಪ್ರಾಂತ್ಯದ ಕನ್ನಡಕ್ಕೆ ತಿರುಗಿಸಿ ಎಂಬ ಸಲಹೆಯನ್ನು ನಾನು ಒಪ್ಪಿಲ್ಲ. ಒಂದು ಸೀಮೆಯ ಜನರ ಮಾತನ್ನು ನಗಿಸಲಿಕ್ಕೆಂದೇ ಬಳಸುವ ಚಾಳಿ ನಮ್ಮ ಸಿನಿಮಾಗಳಲ್ಲಿ ಬೇಕಾದಷ್ಟಿದೆ. ಎಲ್ಲರಿಗೂ ತಿಳಿಯುವ ಆಡುಮಾತೇ ಇರಲಿ.

ಕೊನೆಯದಾಗಿ, ಇವತ್ತು ಈ ಕೆಲಸದಲ್ಲಿ ಹೆಂಗಸರೂ ಇದ್ದಾರೆ. ‘ಪೆಟ್ಟಿಗೆಯವಳು’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಮೇಳ, ಕಂಪನಿ, ರಸಮಂಜರಿ, ಸೌಂಡ್ ಸೆಟ್, ಎಲ್ಲಿಯಾದರೂ ಸಾಮಾನು ಹೊತ್ತ ಅನುಭವ ಇರುವವರು ಮೊದಲು ಬರೆಯಿರಿ. ಜೊತೆಗೆ ಯಾವ ಊರಿನ ಕಡೆಯ ಬಳಕೆ ಎಂದೂ ಸೇರಿಸಿ.